ಸ್ವಾರಗೇಟಿನ ಆಚೆ ಇಳಿದಿದ್ದ ಲಷ್ಕರು

ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ದುಡಿಯಲಿಕ್ಕೆ ಅಂತಲೋ ಓದಲಿಕ್ಕೆ ಅಂತಲೋ ಪುಣೆಗೆ ಹೋದವರಿಗೆ ಸ್ವಾರಗೇಟು ಹೊಸ ಹೆಸರಲ್ಲ. ಬಸ್ಸಿನಿಂದ ಇಳಿದರೆ ಅಲ್ಲೇ, ಊರಿಗೆ ಮರಳುವಾಗ ಕಾಯುವುದೂ ಅಲ್ಲೇ. ಈಗ ನೆಲದಡಿ ಮೆಟ್ರೋ ಕೂಡ ಬಂದಿದೆ. ಆದರೆ ಆ ಹೆಸರಿನೊಳಗೆ ಏನಿದೆ ಅಂತ ನೀವು ಎಂದಾದರೂ ಯೋಚಿಸಿದ್ದೀರಾ? 'ಗೇಟು' ಗೊತ್ತಿದ್ದದ್ದೇ. 'ಸ್ವಾರ' ಅಂದರೆ ಸವಾರ. ಪೇಶ್ವೆಗಳ ಕಾಲದಲ್ಲಿ ಊರಿನ ತೆಂಕಣ ಅಂಚಿನ ಈ ಜಾಗದಲ್ಲಿ ಒಂದು ನಾಕಾ ಇತ್ತು, ಅಲ್ಲಿ ಕುದುರೆ ಸವಾರರು ಕಾವಲಿರುತ್ತಿದ್ದರು, ಹಾಗಾಗಿ ಸ್ವಾರಗೇಟು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಫಾರ್ಸಿಯ ಸವಾರ, ಇಂಗ್ಲಿಷಿನ ಗೇಟು, ನಡುವೆ ಮರಾಠಿ ನಾಲಿಗೆಯ ತಿರುವು. ಹೆಸರಿನಲ್ಲೇ ಮೂರು ಕಾಲ ಕೂತಿವೆ ನೋಡ್ರಿ.

ಇಲ್ಲಿಂದ ತೆಂಕಣಕ್ಕೆ ಹೊರಟರೆ ಸಾತಾರಾ ರಸ್ತೆ. ಮೂಡಣಕ್ಕೆ ಹೊರಟರೆ ಪುಲಗೇಟು ದಾಟಿ ಹಡಪಸರ, ಅಲ್ಲಿಂದ ಲೋಣಿ ಮೇಲೆ ಸೋಲಾಪುರದ ದಾರಿ. ನಾನು ಹೇಳಬೇಕೆಂದಿರುವುದು ಈ ಎರಡನೆಯ ದಾರಿಯ ಮಾತು. ಸ್ವಾರಗೇಟಿನಿಂದ ಹಡಪಸರಕ್ಕೆ ಹೆಚ್ಚೂಕಡಿಮೆ 8 ಕಿಲೋಮೀಟರು. ಇಂದು ಅಲ್ಲಿ ಫ್ಲೈಓವರು, ಕಾರ್ಖಾನೆ, ಐಟಿ ಕಂಪನಿ, ವಾಹನಗಳ ಹೊಗೆ. 1802ರ ಅಕ್ಟೋಬರಿನಲ್ಲಿ ಅದೇ ದಾರಿಯ ಬದಿಗೆ ಎರಡು ಲಷ್ಕರುಗಳು ಎದುರುಬದುರಾಗಿ ಡೇರೆ ಹೊಡೆದು ಕೂತಿದ್ದವು. ಊರಿನ ಹತ್ತಿರ ವಾನವಡಿ ಬಯಲಿನ ಕಡೆ ಶಿಂಧೆಯವರ ಪಲಟಣಗಳು, ಅವರ ಜೊತೆಗೆ ಪೇಶ್ವೆ ಎರಡನೇ ಬಾಜೀರಾಯನ ಜನ. ಆಚೆ ಲೋಣಿಗೂ ಹಡಪಸರಕ್ಕೂ ನಡುವೆ ಯಶವಂತರಾವ್ ಹೋಳ್ಕರರ ಸೈನ್ಯ. ಇಬ್ಬರ ಬಾಯಲ್ಲೂ ಪೇಶ್ವೆಯೇ ಧಣಿ. ಇಬ್ಬರೂ ಒಂದೇ ರಾಜ್ಯದ ಸರದಾರರು.

ಉರ್ದುವಿನಲ್ಲಿ ಇಂಥದಕ್ಕೆ 'ಖಾನಾಜಂಗಿ' ಅಂತಾರೆ. ಖಾನಾ ಅಂದರೆ ಮನೆ, ಜಂಗ್ ಅಂದರೆ ಕಾಳಗ. ಪುಸ್ತಕದ ಕನ್ನಡದಲ್ಲಿ ಅಂತರ್ಯುದ್ಧ. ಮನೆಯೊಳಗಿನ ಜಗಳ ಎಂದರೆ ಇನ್ನೂ ಸರಿಯಾಗಿ ಅರ್ಥವಾಗುತ್ತದೆ, ಯಾಕೆಂದರೆ ಇದು ನಿಜಕ್ಕೂ ಒಂದು ಮನೆಯ ಆಸ್ತಿ ಜಗಳದಿಂದಲೇ ಶುರುವಾದದ್ದು.

ಇಂದೂರಿನ ತುಕೋಜಿ ಹೋಳ್ಕರರು 1797ರ ಆಗಸ್ಟಿನಲ್ಲಿ ತೀರಿಕೊಂಡರು. ನಾಲ್ಕು ಗಂಡುಮಕ್ಕಳು: ಕಾಶೀರಾವ್, ಮಲ್ಹಾರರಾವ್, ವಿಠೋಜಿ, ಯಶವಂತರಾವ್. ಹಿರಿಯ ಇಬ್ಬರು ಮದುವೆಯಾದ ಹೆಂಡತಿಯ ಮಕ್ಕಳು, ಕಿರಿಯ ಇಬ್ಬರು ಹಾಗಲ್ಲ. ಗಾದಿ ಯಾರಿಗೆ ಅನ್ನುವ ತಕರಾರಿನಲ್ಲಿ ನೆರೆಮನೆಯವರಾದ ಗ್ವಾಲಿಯರಿನ ದೌಲತರಾವ್ ಶಿಂಧೆ ಕಾಶೀರಾಯನ ಪಕ್ಷ ಹಿಡಿದರು. ನೆರೆಯವರು ಇಂಥ ಜಗಳಕ್ಕೆ ಬರುವುದು ನ್ಯಾಯ ಹೇಳಲಿಕ್ಕಲ್ಲ, ಪಾಲು ಕೇಳಲಿಕ್ಕೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪುಣೆಯ ಭಾಂಬುರ್ಡೆಯಲ್ಲಿ, ಅಂದರೆ ಇವತ್ತಿನ ಶಿವಾಜಿನಗರದಲ್ಲಿ, ಬಿಡಾರ ಹೂಡಿದ್ದ ಮಲ್ಹಾರರಾಯನ ಮೇಲೆ ಶಿಂಧೆಯ ಪಡೆ ಬಿದ್ದು ಆತನನ್ನು ಕೊಂದಿತು. ಯಶವಂತರಾವ್ ತಪ್ಪಿಸಿಕೊಂಡು ನಾಗಪುರದ ಕಡೆ ಓಡಿದರು, ವಿಠೋಜಿ ಕೊಲ್ಹಾಪುರದ ಕಡೆ. ಮಲ್ಹಾರರಾಯನ ಹಸುಗೂಸು ಖಂಡೇರಾವ್ ಶಿಂಧೆಯ ಕೈಗೆ ಸಿಕ್ಕಿತು.

ಇಷ್ಟಕ್ಕೆ ಮುಗಿದಿದ್ದರೆ ಹೋಳ್ಕರರ ಮನೆಯ ಮಾತು ಅಂತ ಬಿಡಬಹುದಿತ್ತು. ಆದರೆ ಶಿಂಧೆಯವರ ಮನೆಯೂ ಒಡೆದಿತ್ತು. ಮಹಾದಜಿ ಶಿಂಧೆಯವರ ವಿಧವೆಯರು, ದೌಲತರಾವ್ ತಮ್ಮನ್ನು ಸರಿಯಾಗಿ ನಡೆಸಿಕೊಳ್ಳಲಿಲ್ಲ, ಮರ್ಯಾದೆ ಉಳಿಸಲಿಲ್ಲ ಎಂದು ತಿರುಗಿಬಿದ್ದರು. ಮಹಾದಜಿಯ ಕಾಲದ ಹಳೆಯ ಸರದಾರರಲ್ಲಿ ಬಹಳಷ್ಟು ಜನ ಆ ಹೆಣ್ಣುಮಕ್ಕಳ ಕಡೆ ನಿಂತರು. ಅವರಿಗೆ ಆಸರೆ ಕೊಟ್ಟದ್ದು ಪೇಶ್ವೆಯ ದತ್ತು ಅಣ್ಣ ಅಮೃತರಾವ್. ಆತನ ಬಿಡಾರ ಖಡಕಿಯ ಸೇತುವೆ ಬಳಿ ಇತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಓದುಗರಿಗೆ ಈ ಕಥೆಯಲ್ಲಿ ಯಾವುದಾದರೂ ಒಂದು ದಿನ ನೆನಪಿರಬೇಕೆಂದರೆ ಅದು 1798ರ ಜೂನ್ ತಿಂಗಳ ಮೊಹರಂ ದಿನ. ತಾಬೂತುಗಳನ್ನು ನದಿಗೆ ಒಯ್ಯುವ ಹೊತ್ತು. ಶಿಂಧೆಯ ಮಾವ ಸರ್ಜೇರಾವ್ ಘಾಟಗೆ ಎರಡು ದಳ ಕಾಲಾಳು, 25 ತೋಪು ತೆಗೆದುಕೊಂಡು ಹೊರಟ. ಕೇಳಿದವರಿಗೆ ಹೇಳಿದ್ದು, ಮೊಹರಂ ಮೆರವಣಿಗೆ ಇದೆ, ಬಂದೋಬಸ್ತಿಗೆ ಹೋಗುತ್ತಿದ್ದೇವೆ ಅಂತ. ಅಮೃತರಾಯನ ಬಿಡಾರದ ಜನ ತಾಬೂತಿನ ಗದ್ದಲದಲ್ಲಿ ಮೈಮರೆತಿದ್ದಾಗ ನದಿಯ ಈಚೆ ದಂಡೆಯಿಂದ ತೋಪು ಹಾರಿದವು. ಬಿಡಾರ ದಿಕ್ಕಾಪಾಲಾಯಿತು, ಲೂಟಿಯಾಯಿತು.

ಇದನ್ನು ಬರೆದಿಟ್ಟವನು ಜೇಮ್ಸ್ ಗ್ರಾಂಟ್ ಡಫ್. 1826ರಲ್ಲಿ ಅಚ್ಚಾದ ಆತನ ಮರಾಠರ ಇತಿಹಾಸದಲ್ಲಿ ಈ ಪ್ರಸಂಗದ ಜೊತೆಗೇ ಇನ್ನೊಂದು ಮಾತೂ ಬರುತ್ತದೆ: ಮೊಹರಂ ಆಚರಿಸುವುದರಲ್ಲಿ ಮರಾಠರ ಹುರುಪು ಮುಸಲ್ಮಾನರಿಗಿಂತ ಏನೂ ಕಡಿಮೆ ಇರಲಿಲ್ಲ ಎಂಬ ಅರ್ಥದ್ದು. ಅಲಾವಿ ಹಾರುವ, ಪಂಜಾ ಹೊರುವ, ಹೆಜ್ಜೆ ಹಾಕುವ, ಸಕ್ಕರೆ ಓದಿಸುವ ಉತ್ತರ ಕರ್ನಾಟಕದ ಹಳ್ಳಿಯವರಿಗೆ ಇದರಲ್ಲಿ ಸೋಜಿಗವೇನೂ ಇಲ್ಲ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರಲ್ಲಿ ಮಸೂತಿ ಕಟ್ಟಿ ಮೊಹರಂ ಮಾಡುವವರು ನಮ್ಮಲ್ಲಿದ್ದಾರೆ. ಘಾಟಗೆಯ ಲೆಕ್ಕಾಚಾರ ಫಲಿಸಿದ್ದೇ ಅದಕ್ಕೆ. ಹಬ್ಬ ಒಂದು ಕೋಮಿನದಾಗಿದ್ದರೆ ಇಡೀ ಬಿಡಾರ ಎಚ್ಚರ ತಪ್ಪುತ್ತಿರಲಿಲ್ಲ.

ಬಂದೋಬಸ್ತಿನ ನೆಪದಲ್ಲಿ ಬಂದವರೇ ಬಡಿದದ್ದು ಅನ್ನುವುದರ ಮೇಲೆ ನಾನು ಟಿಪ್ಪಣಿ ಮಾಡಬೇಕಾಗಿಲ್ಲ.

ಇನ್ನು ವಿಠೋಜಿಯ ಕಥೆ. ಅವರು ಪೇಶ್ವೆಯ ಮುಲುಕಿನಲ್ಲಿ ದಂಗೆ ಎಬ್ಬಿಸುತ್ತ ಲೂಟಿ ಮಾಡುತ್ತ ತಿರುಗಿದರು, ಅದು ಸುಳ್ಳಲ್ಲ. 1801ರ ಏಪ್ರಿಲಿನಲ್ಲಿ ಸಿಕ್ಕಿಬಿದ್ದರು. ಬಾಜೀರಾಯ ಅವರನ್ನು ಶನಿವಾರವಾಡೆಯ ಎದುರು ಆನೆಯ ಕಾಲಿಗೆ ಕಟ್ಟಿಸಿ ಎಳೆಸಿ ಕೊಲ್ಲಿಸಿದ. ಸರದಾರರ ಮನೆಯ ಮಗನಿಗೆ ಇಂಥ ಸಾವು ಕೊಡುವುದು ಆ ಕಾಲದ ಲೆಕ್ಕದಲ್ಲೂ ಮಿತಿ ಮೀರಿದ್ದು. ಅತ್ತ ಉತ್ತರದಲ್ಲಿ ಯಶವಂತರಾವ್ ಜುಲೈನಲ್ಲಿ ಉಜ್ಜಯಿನಿಯ ಹತ್ತಿರ ಶಿಂಧೆಯ ಪಲಟಣಗಳನ್ನು ಮುರಿದರು. ಅಕ್ಟೋಬರಿನಲ್ಲಿ ಘಾಟಗೆ ಇಂದೂರನ್ನು ಸೂರೆ ಮಾಡಿ ಮುಯ್ಯಿ ತೀರಿಸಿದ. ಮರುವರ್ಷ ಯಶವಂತರಾವ್ ತೆಂಕಣಕ್ಕೆ ತಿರುಗಿದರು.

ಈಗ ಆ ಬಿಡಾರಕ್ಕೆ ಬನ್ನಿ. ಲಷ್ಕರು ಅಂದರೆ ಬರೀ ಸಿಪಾಯಿಗಳು ಅಂತ ತಿಳಿಯಬೇಡಿ. ಸೈನ್ಯ ಎಲ್ಲಿ ಇಳಿಯುತ್ತದೋ ಅಲ್ಲಿ ಒಂದು ಊರೇ ಏಳುತ್ತಿತ್ತು. ಕಾಳು ಹೊತ್ತ ಎತ್ತಿನ ಸಾಲುಗಳೊಂದಿಗೆ ಬಂಜಾರರು, ಹುಲ್ಲು ಕೊಯ್ಯುವವರು, ನಾಲ ಕಟ್ಟುವವರು, ಭಿಸ್ತಿಗಳು, ಸರಾಫರು, ರೊಟ್ಟಿ ಸುಡುವವರು, ಹೆಂಡತಿ ಮಕ್ಕಳು, ಫಕೀರರು, ಗೋಸಾವಿಗಳು. ಬಜಾರಿಗೆ ಬೇರೆಯೇ ಬಾವುಟ ಇರುತ್ತಿತ್ತು. 'ಉರ್ದು' ಎಂಬ ಹೆಸರೇ ಬಿಡಾರ ಎಂಬ ಅರ್ಥದ ತುರ್ಕಿ ಮಾತಿನಿಂದ ಬಂದದ್ದು ಎಂದು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಗುತ್ತಾರೆ. ಭಾಷೆಯ ಹೆಸರು ಡೇರೆಯಿಂದ ಬರುತ್ತದಾ ಸರ್ ಅಂತ. ಬರುತ್ತದೆ. ಗ್ವಾಲಿಯರಿನಲ್ಲಿ ಇದೇ ದೌಲತರಾವ್ ಶಿಂಧೆ 1810ರ ಸುಮಾರಿಗೆ ಕಾಯಂ ಆಗಿ ಬಿಡಾರ ಹೂಡಿದ ಜಾಗ ಮುಂದೆ ಪಟ್ಟಣವೇ ಆಯಿತು. ಅದರ ಹೆಸರು ಇವತ್ತಿಗೂ ಲಷ್ಕರ್. ಕನ್ನಡದಲ್ಲಿ ನಾವು ದಿನಾ ಬಳಸುವ ಮುಕ್ಕಾಂ, ಡೇರೆ, ಫೌಜು, ತೋಪು, ಬಂದೂಕು ಇವೆಲ್ಲ ಅಂಥ ಬಿಡಾರಗಳ ಜೊತೆ ನಡೆದುಬಂದ ಮಾತುಗಳು. ಜಮಾದಾರ, ದಫೇದಾರ ಅನ್ನುವ ಅಡ್ಡಹೆಸರಿನವರು ನಿಮ್ಮೂರಲ್ಲೂ ಇದ್ದಾರು.

ಹೋಳ್ಕರರ ಕಡೆ 14 ಪಲಟಣ ಕವಾಯತಿನ ಕಾಲಾಳು, ಸುಮಾರು 25,000 ಕುದುರೆ ಇದ್ದವು ಅನ್ನುತ್ತಾನೆ ಗ್ರಾಂಟ್ ಡಫ್. ಪಲಟಣಗಳ ಮೇಲೆ ವಿಕರ್ಸ್, ಹಾರ್ಡಿಂಗ್, ಆರ್ಮಸ್ಟ್ರಾಂಗ್ ಎಂಬ ಬಿಳಿಯರು. ಶಿಂಧೆಯ ಕಡೆ 10 ಪಲಟಣ, ಅವುಗಳಲ್ಲಿ ಕೆಲವಕ್ಕೆ ಡಾಸ್ ಎಂಬ ಬಿಳಿಯ ಕ್ಯಾಪ್ಟನ್. ಇಡೀ ದಂಡಿನ ಮೇಲೆ ಸದಾಶಿವ ಭಾಸ್ಕರ ಬಕ್ಷಿ. ಎರಡೂ ಕಡೆ ಮರಾಠರು, ಪಠಾಣರು, ರಜಪೂತರು, ಬ್ರಾಹ್ಮಣರು, ದಖನಿ ಮುಸಲ್ಮಾನರು. ಪೇಶ್ವೆಯ ಚಾಕರಿಯಲ್ಲಿ ಅರಬರೂ ಇದ್ದರು. ಈ ಪಂಗಡಗಳಲ್ಲಿ ಯಾವುದನ್ನಾದರೂ ಎತ್ತಿಕೊಂಡು 'ಇವರು ಯಾರ ಕಡೆ' ಅಂತ ಕೇಳಿದರೆ ಉತ್ತರ ಒಂದೇ: ಸಂಬಳ ಕೊಟ್ಟವರ ಕಡೆ. ಸಂಬಳ ಬರದೆ ತಿಂಗಳುಗಟ್ಟಲೆ ಕಳೆದಾಗ ಧಣಿಯ ಡೇರೆಯ ಮುಂದೆ ಧರಣಿ ಕೂರುವುದೂ ರೂಢಿಯಲ್ಲಿತ್ತು.

ಅಕ್ಟೋಬರ್ 23ಕ್ಕೆ ಹೋಳ್ಕರರು ಬಂದು ಇಳಿದರು. ಕೂಡಲೇ ಕಾಳಗವಾಗಲಿಲ್ಲ. ಮಾತುಕತೆ ನಡೆಯಿತು. ವಿಠೋಜಿಯಂತೂ ಹೋದ, ಬಂದೀಖಾನೆಯಲ್ಲಿರುವ ಆ ಮಗು ಖಂಡೇರಾಯನನ್ನಾದರೂ ಬಿಡಿಸಿಕೊಡಿ ಎನ್ನುವುದು ಹೋಳ್ಕರರ ಮುಖ್ಯ ಬೇಡಿಕೆ. ಪೇಶ್ವೆ ಒಪ್ಪಲಿಲ್ಲ. ಮಾತು ಮುರಿಯಿತು.

25ನೇ ತಾರೀಖು ಸೋಮವಾರ. ದೀಪಾವಳಿಯ ದಿನಗಳು. ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ತೋಪಿನ ಸದ್ದು ಶುರುವಾಯಿತು. ಮೊದಮೊದಲು ಶಿಂಧೆಯ ಕುದುರೆಗಳು ಹೋಳ್ಕರರ ಕುದುರೆಗಳನ್ನು ಹಿಮ್ಮೆಟ್ಟಿಸಿದವು. ಆಗ ಯಶವಂತರಾವ್ ತಾವೇ ಕುದುರೆ ಏರಿ ಓಡುತ್ತಿದ್ದವರನ್ನು ತಿರುಗಿಸಿಕೊಂಡು ನುಗ್ಗಿದರು. ದಿನ ಮುಗಿಯುವಷ್ಟರಲ್ಲಿ ಶಿಂಧೆ ಮತ್ತು ಪೇಶ್ವೆಯ ಸೈನ್ಯ ಪೂರಾ ಮುರಿದುಹೋಗಿತ್ತು. ಅತ್ತ ಡಾಸ್ ಸತ್ತ, ಇತ್ತ ಹಾರ್ಡಿಂಗ್ ಸತ್ತ. ಎಲ್ಲಿಯದೋ ದೇಶದಿಂದ ಬಂದು, ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಎದುರುಬದುರು ನಿಂತು, ಒಂದೇ ದಿನ ಸತ್ತ ಈ ಇಬ್ಬರ ಹೆಸರನ್ನಾದರೂ ಗ್ರಾಂಟ್ ಡಫ್ ಬರೆದಿಟ್ಟ. ಅವರ ಕೈಕೆಳಗಿನ ಸಿಪಾಯಿಗಳಿಗೆ ಅದೂ ಇಲ್ಲ.

ಬಾಜೀರಾಯ ಎಲ್ಲಿದ್ದ? ಗೆದ್ದೇ ಗೆಲ್ಲುತ್ತೇವೆಂಬ ಭರವಸೆಯಲ್ಲಿ ಕಾಳಗ ನೋಡಲು ಹೊರಟಿದ್ದನಂತೆ. ತೋಪಿನ ಸದ್ದಿಗೆ ಅಂಜಿ ಊರಿನ ತೆಂಕಣ ಬದಿಗೆ ತಿರುಗಿಕೊಂಡ. ಅಂದರೆ ಪರ್ವತಿ ಗುಡ್ಡದ ದಿಕ್ಕು, ಇವತ್ತು ನೀವು ಸ್ವಾರಗೇಟಿನಲ್ಲಿ ಬಸ್ಸು ಕಾಯುವ ದಿಕ್ಕು. ಸೋತ ಸುದ್ದಿ ಬಂದ ಕೂಡಲೇ ಸಿಂಹಗಡದ ಕಡೆ ಕುದುರೆ ಓಡಿಸಿದ. ಅಲ್ಲಿಂದ ಕೊಂಕಣ, ಅಲ್ಲಿಂದ ಇಂಗ್ಲಿಷರ ಹಡಗಿನಲ್ಲಿ ವಸಯಿ.

ಗೆದ್ದವರೂ ಒಳ್ಳೆಯವರಾಗಿ ಉಳಿಯಲಿಲ್ಲ. ಮೊದಲಿಗೆ ಹೋಳ್ಕರರು ಊರಿಗೆ ಕಾವಲು ಹಾಕಿ ಲೂಟಿ ತಡೆದರು. ಅಮೃತರಾಯನನ್ನು ಕರೆಸಿ ಆತನ ಮಗ ವಿನಾಯಕರಾಯನನ್ನು ಪೇಶ್ವೆಯ ಜಾಗದಲ್ಲಿ ಕೂರಿಸಿದರು. ಆಮೇಲೆ ಸೈನ್ಯಕ್ಕೆ ಸಂಬಳ ಬೇಕಲ್ಲ? ಸಾಹುಕಾರರಿಂದ ಹಿಡಿದು ಸಾಮಾನ್ಯ ಗೃಹಸ್ಥರವರೆಗೆ ಹಿಡಿದು ಹಿಂಡಿ ಹಣ ಎಳೆದರು. ನಾಲ್ಕು ವರ್ಷದ ಹಿಂದೆ ಇದೇ ಊರನ್ನು ಇದೇ ಥರ ಘಾಟಗೆ ಹಿಂಡಿದ್ದ. ಸುತ್ತಲಿನ ಹಳ್ಳಿಗಳ ಬೆಳೆಯನ್ನು ಸಾವಿರಾರು ಕುದುರೆಗಳು ಮೇಯ್ದವು. 1803–04ರಲ್ಲಿ ಪುಣೆ, ಅಹಮದನಗರದ ಕಡೆ ಬಿದ್ದ ಘೋರ ಬರಕ್ಕೆ ಮಳೆಯ ಜೊತೆಗೆ ಈ ಲಷ್ಕರುಗಳೂ ಕಾರಣ.

ಅತ್ತ ವಸಯಿಯಲ್ಲಿ 1802ರ ಡಿಸೆಂಬರ್ 31ಕ್ಕೆ ಬಾಜೀರಾಯ ಇಂಗ್ಲಿಷರ ಕಾಗದಕ್ಕೆ ರುಜು ಹಾಕಿದ. 6,000ಕ್ಕೆ ಕಡಿಮೆ ಇಲ್ಲದ ಇಂಗ್ಲಿಷ್ ಕಾಲಾಳನ್ನು ತನ್ನ ರಾಜ್ಯದಲ್ಲಿ ಕಾಯಂ ಇಟ್ಟುಕೊಳ್ಳುವುದು, ಅವರ ಖರ್ಚಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆ ಬಿಟ್ಟುಕೊಡುವುದು. ನೀವು ಹಾವೇರಿ ಕಡೆಯವರಾಗಿದ್ದರೆ ಈ ಸಾಲು ಗಮನಿಸಿ: ಹಾಗೆ ಬಿಟ್ಟುಕೊಟ್ಟ ಸೀಮೆಗಳಲ್ಲಿ ಸವಣೂರು, ಬಂಕಾಪುರ ಇದ್ದವು. ನವಾಬರ ಸವಣೂರು! ಹಡಪಸರದ ಬಯಲಿನಲ್ಲಿ ಸೋತವನು ಸವಣೂರಿನ ಸೀಮೆಯನ್ನು ವಸಯಿಯಲ್ಲಿ ಕೂತು ಬರೆದುಕೊಟ್ಟ. ಒಂದು ವರ್ಷದೊಳಗೆ ಇಂಗ್ಲಿಷರು ಅದನ್ನು ಮರಳಿಸಿ, ಬದಲಿಗೆ ಬುಂದೇಲಖಂಡದ ಸೀಮೆ ಪಡೆದರು. ಸಂತೆಯಲ್ಲಿ ಎತ್ತು ಬದಲಾಯಿಸಿಕೊಂಡಂತೆ. ಸವಣೂರಿನ ರೈತರನ್ನು ಯಾರೂ ಕೇಳಲಿಲ್ಲ, ಬುಂದೇಲಖಂಡದವರನ್ನೂ ಕೇಳಲಿಲ್ಲ.

ಕರ್ನಾಟಕಕ್ಕೆ ಇನ್ನೊಂದು ನಂಟೂ ಇದೆ. ಬಾಜೀರಾಯನನ್ನು ಮರಳಿ ಗಾದಿಗೆ ಕೂರಿಸಲು ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಹೊರಟದ್ದು ನಮ್ಮ ಹರಿಹರದಿಂದ. 1803ರ ಮಾರ್ಚ್ 9ಕ್ಕೆ ಹೊರಟು, ತುಂಗಭದ್ರೆ ದಾಟಿ, ಧಾರವಾಡದ ಸೀಮೆಯನ್ನು ಹಾಯ್ದು, ಕೃಷ್ಣೆ ದಾಟಿ ಹೋಯಿತು. ಅಮೃತರಾವ್ ಪುಣೆಗೆ ಬೆಂಕಿ ಇಡಬಹುದೆಂಬ ಸುದ್ದಿ ಬಂದಾಗ ಕುದುರೆ ದಂಡನ್ನು ಮುಂದೆ ತೆಗೆದುಕೊಂಡು ವೆಲ್ಲೆಸ್ಲಿ ಸುಮಾರು 32 ತಾಸಿನಲ್ಲಿ 60 ಮೈಲಿ ನಡೆದು ಏಪ್ರಿಲ್ 20ಕ್ಕೆ ಪುಣೆ ಮುಟ್ಟಿದ. ಈ ದಂಡಿನಲ್ಲಿ ಮೈಸೂರು ಸಂಸ್ಥಾನದ ಸವಾರರೂ ಇದ್ದರು. 1799ರಲ್ಲಿ ಟಿಪ್ಪು ಸುಲ್ತಾನರು ಶಹೀದರಾದ ಮೇಲೆ ಕೆಲಸ ಕಳೆದುಕೊಂಡ ಕುದುರೆ ಸವಾರರಲ್ಲಿ ಹಲವರನ್ನು ದಿವಾನ್ ಪೂರ್ಣಯ್ಯ ಮತ್ತೆ ಚಾಕರಿಗೆ ತೆಗೆದುಕೊಂಡಿದ್ದರು. ನಾಲ್ಕು ವರ್ಷದ ಹಿಂದೆ ಯಾರ ವಿರುದ್ಧ ಶ್ರೀರಂಗಪಟ್ಟಣ ಕಾಯ್ದರೋ ಅವರ ಬಾವುಟದ ಹಿಂದೆ, ಮೈಸೂರಿನ ಹಳೆಯ ವೈರಿಯಾದ ಪೇಶ್ವೆಯ ಗಾದಿ ಉಳಿಸಲು ಹೋಗುವುದು. ಹೊಟ್ಟೆ ಏನೆಲ್ಲ ಮಾಡಿಸುತ್ತದೆ! ಮೇ 13ಕ್ಕೆ ಬಾಜೀರಾಯ ಪುಣೆ ಹೊಕ್ಕ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಪೇಶ್ವಾಯಿಯೇ ಇರಲಿಲ್ಲ.

ಇದನ್ನೆಲ್ಲ ನಮ್ಮ ವೇದಿಕೆಯಲ್ಲಿ ಯಾಕೆ ಬರೆಯಬೇಕು ಅಂತ ಕೇಳುವವರು ಇದ್ದಾರೆ. ಮರಾಠರ ಜಗಳ ನಮಗೇಕೆ? ನನ್ನ ಉತ್ತರ ಇಷ್ಟು. ಹದಿನೆಂಟನೇ ಶತಮಾನವನ್ನು ಇಂದು ನಮ್ಮ ಮಕ್ಕಳ ಮೊಬೈಲಿನಲ್ಲಿ ಎರಡೇ ಬಣ್ಣದಲ್ಲಿ ತೋರಿಸುತ್ತಾರೆ, ಕೇಸರಿ ಮತ್ತು ಹಸಿರು. ಪಾಣಿಪತ್ತು ಹಾಗಿತ್ತು, ಮೈಸೂರು ಹೀಗಿತ್ತು ಅಂತ ಒಂದು ನಿಮಿಷದ ವಿಡಿಯೋ. 1802ರ ಈ ಬಯಲು ಆ ಎರಡು ಬಣ್ಣಕ್ಕೆ ಒಗ್ಗುವುದೇ ಇಲ್ಲ. ಅದಕ್ಕೇ ಇರಬೇಕು, ಇದರ ವಿಡಿಯೋ ಯಾರೂ ಹಂಚುವುದಿಲ್ಲ.

ಯಶವಂತರಾಯರ ದೊಡ್ಡ ಜೊತೆಗಾರ ಅಮೀರ್ ಖಾನ್ ಎಂಬ ಪಠಾಣ. ಇಬ್ಬರೂ ಪಗಡಿ ಬದಲಾಯಿಸಿಕೊಂಡು ಅಣ್ಣತಮ್ಮಂದಿರಾದರು ಎನ್ನುತ್ತಾರೆ. ಒಡಹುಟ್ಟಿದ ಕಾಶೀರಾವ್ ಎದುರಾಳಿಯ ಡೇರೆಯಲ್ಲಿ, ಪಗಡಿ ಬದಲಿಸಿದ ಪಠಾಣ ತನ್ನ ಡೇರೆಯಲ್ಲಿ. ಈ ಅಮೀರ್ ಖಾನನ ಜೀವನಚರಿತ್ರೆಯನ್ನು ಫಾರ್ಸಿಯಲ್ಲಿ ಬರೆದವರು ಬಸಾವನ್ ಲಾಲ್ ಎಂಬ ಹಿಂದೂ ಮುನ್ಷಿ. ಅದರ ಇಂಗ್ಲಿಷ್ ಅನುವಾದ 1832ರಲ್ಲಿ ಕಲ್ಕತ್ತೆಯಲ್ಲಿ ಬಂತು. ಹಾಗಂತ ಅಮೀರ್ ಖಾನನನ್ನು ನಮ್ಮ ವೀರ ಅಂತ ಮೆರೆಸಬೇಕೆಂದು ನಾನು ಹೇಳುತ್ತಿಲ್ಲ. ನಮ್ಮವರಲ್ಲಿ ಕೆಲವರಿಗೆ ಹೆಸರು ಮುಸ್ಲಿಮರದ್ದಾದರೆ ಸಾಕು, ಹೆಮ್ಮೆ ಶುರುವಾಗುತ್ತದೆ. ಆತನ ಪಡೆ ರಜಪೂತಾನವನ್ನು ವರ್ಷಾನುಗಟ್ಟಲೆ ಸುಲಿದಿತು, ಸುಲಿಯುವಾಗ ಯಾರ ಜಾತಿಯನ್ನೂ ಕೇಳಲಿಲ್ಲ. 1817ರಲ್ಲಿ ಇಂಗ್ಲಿಷರೊಂದಿಗೆ ಕರಾರು ಮಾಡಿಕೊಂಡು ಟೋಂಕಿನ ನವಾಬನಾಗಿ ಕೂತ. ಘಾಟಗೆಯ ಲೂಟಿಯನ್ನು ಯಾವ ಕಣ್ಣಿನಿಂದ ನೋಡುತ್ತೇವೋ ಇದನ್ನೂ ಅದೇ ಕಣ್ಣಿನಿಂದ ನೋಡಬೇಕು. ಮರಾಠರು, ಪಠಾಣರು ಎಂಬ ಪಟ್ಟಿಗಿಂತ ಆ ದಾರಿಯಲ್ಲಿ ಬೇರೆ ಒಂದು ಪಟ್ಟಿ ಹೆಚ್ಚು ನಿಜ. ಡೇರೆ ಹೊಡೆದವರು ಒಂದು ಕಡೆ, ಡೇರೆ ಬಿದ್ದ ಹೊಲದ ಒಡೆಯರು ಇನ್ನೊಂದು ಕಡೆ. ಹಡಪಸರದ, ಲೋಣಿಯ, ವಾನವಡಿಯ ಆ ಒಕ್ಕಲು ಮನೆಯವರ ಅಕ್ಟೋಬರಿನ ಜೋಳ ಏನಾಯಿತು ಎಂದು ಪೇಶ್ವೆಯೂ ಕೇಳಲಿಲ್ಲ, ಹೋಳ್ಕರರೂ ಕೇಳಲಿಲ್ಲ.

ಪುಣೆಯಲ್ಲಿರುವ ವಿದ್ಯಾರ್ಥಿಗಳು ಒಂದು ಭಾನುವಾರ ಬಿಡುವು ಮಾಡಿಕೊಂಡು ನೋಡಬಹುದು. ಸ್ವಾರಗೇಟಿನಿಂದ ಪುಲಗೇಟಿನ ಕಡೆ ಹೋದರೆ ಕ್ಯಾಂಪ್ ಸಿಗುತ್ತದೆ. ಪೇಶ್ವಾಯಿ ಮುಗಿದ ಮೇಲೆ ಇಂಗ್ಲಿಷರು ಕಟ್ಟಿಕೊಂಡ ದಂಡುಪ್ರದೇಶ. ಮರಾಠಿಯವರೂ ನಮ್ಮವರೂ ಇವತ್ತಿಗೂ ಅದನ್ನು ಲಷ್ಕರ್ ಎಂದೇ ಕರೆಯುತ್ತಾರೆ. ವಸಯಿಯಲ್ಲಿ ರುಜು ಬಿದ್ದ ಮೇಲೆ ಬಂದ ಡೇರೆಗಳು ಎದ್ದುಹೋಗಲೇ ಇಲ್ಲ, ಕಲ್ಲಿನ ಬಂಗಲೆಗಳಾದವು. ಅಲ್ಲಿಂದ ಇನ್ನೂ ಸ್ವಲ್ಪ ಆಚೆ ವಾನವಡಿಯಲ್ಲಿ ಶಿಂಧೆ ಛತ್ರಿ. ಮಹಾದಜಿ ಶಿಂಧೆಯವರು 1794ರ ಫೆಬ್ರವರಿಯಲ್ಲಿ ತೀರಿಕೊಂಡದ್ದು ಅಲ್ಲಿಯೇ, ತಮ್ಮ ಬಿಡಾರದಲ್ಲಿ. ಅವರ ಸಮಾಧಿಯ ನೆಲದ ಸುತ್ತಮುತ್ತಲೇ ಎಂಟು ವರ್ಷದ ಮೇಲೆ ಅವರ ಸೈನ್ಯ ಡೇರೆ ಹೊಡೆದು, ಮುರಿದು, ಚೆದುರಿತು. ಒಳಗೆ ಹೋದರೆ ಗ್ವಾಲಿಯರಿನ ಮನೆತನದ ಚಿತ್ರಗಳು, ಕೆತ್ತನೆ ಕಂಬಗಳು, ನಡುವೆ ಶಿವನ ಗುಡಿ ಕಾಣುತ್ತವೆ. ಮಹಾದಜಿ ಬದುಕಿರುವವರೆಗೂ ಬೀಡಿನ ಸೂಫಿ ಮನ್ಸೂರ್ ಶಾಹ ಅವರನ್ನು ಗುರುವೆಂದು ನಡೆದುಕೊಂಡವರು, ಅವರ ಮನೆತನ ಗ್ವಾಲಿಯರಿನಲ್ಲಿ ಆ ಪೀರರ ಉರುಸನ್ನು ಇಂದಿಗೂ ನಡೆಸಿಕೊಂಡು ಬಂದಿದೆ.